ಮೇಲೆ ಸಸಿ, ಕೆಳಗೆ ಗುಂಡಿ

ಜೂನ್ ತಿಂಗಳ ಮೊದಲ ಶುಕ್ರವಾರ ಬಂತೆಂದರೆ ನಮ್ಮ ಮಿಂಬರ್‌ಗಳಲ್ಲಿ ಎರಡು ಹದೀಸ್‌ಗಳಿಗೆ ಜೀವ ಬರುತ್ತದೆ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಮೃಗವಾಗಲಿ ತಿಂದರೆ ಅದು ಆತನ ಪಾಲಿಗೆ ದಾನವಾಗುತ್ತದೆ ಎಂಬುದು ಒಂದು. ಅಂತ್ಯದಿನವೇ ಎದುರಿಗೆ ಬಂದು ನಿಂತಾಗಲೂ ಕೈಯಲ್ಲಿ ಸಸಿಯಿದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕು ಎಂಬುದು ಇನ್ನೊಂದು. ನಮಾಝ್ ಮುಗಿದ ಬಳಿಕ ಅಂಗಳದಲ್ಲಿ ಸಸಿಗಳ ಸಾಲು, ಅಧ್ಯಕ್ಷರ ಕೈಯಲ್ಲಿ ಹಾರೆ, ಒಂದು ಫೋಟೋ. ಮುಂದಿನ ಜೂನ್‌ವರೆಗೆ ಆ ಹದೀಸ್‌ಗಳಿಗೆ ರಜೆ.

ನೇತ್ರಾವತಿ ದಂಡೆಯ ಒಂದು ಮಹಲ್ಲಾದಲ್ಲಿ ನಡೆದ ಇಂಥದ್ದೇ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಆದರೆ ಅಲ್ಲಿ ಒಂದು ವ್ಯತ್ಯಾಸವಿತ್ತು. ಸಸಿ ತಂದಿದ್ದವರು ಊರಿನ ಹತ್ತಿಪ್ಪತ್ತು ಯುವಕರು. ನರ್ಸರಿಯಿಂದ ಲಾರಿಯಲ್ಲಿ ಹೇರಿಕೊಂಡು ಬಂದದ್ದಲ್ಲ. ಹೊಳೆಯ ಬದಿಯ ಹಳೆಯ ಮರಗಳ ಕೆಳಗೆ ಬೀಜ ಹೆಕ್ಕಿ, ಮನೆಯ ಹಿತ್ತಿಲಲ್ಲಿ ಒಂದು ವರ್ಷ ಸಾಕಿ ಬೆಳೆಸಿದ್ದು. ಹೊಳೆಮತ್ತಿ, ಹೊಂಗೆ, ನೇರಳೆ, ಸುರಹೊನ್ನೆ, ಹೊಳೆದಾಸವಾಳ. ದಂಡೆಯ ಅಂಚಿಗೆಂದು ಲಾವಂಚದ ಬುಡಗಳನ್ನೂ ಕೇದಗೆಯ ತುಂಡುಗಳನ್ನೂ ಗೋಣಿಯಲ್ಲಿ ಕಟ್ಟಿಟ್ಟಿದ್ದರು. ಆ ತಂಡದಲ್ಲಿ ಮುಸ್ಲಿಮರಿದ್ದರು, ಹಿಂದೂಗಳಿದ್ದರು, ನಿವೃತ್ತ ಕ್ರೈಸ್ತ ಮೇಷ್ಟ್ರೊಬ್ಬರಿದ್ದರು. ಕರಾವಳಿಯಲ್ಲಿ ಈಗ ಇದೊಂದು ಅಪರೂಪದ ದೃಶ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ಸಸಿಯನ್ನು ನೆಡಲು ವೇದಿಕೆಯಿಂದ ಇಳಿದು ಬಂದವರು ಯಾರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ದಂಡೆಯಿಂದ ಒಂದು ಕಿಲೋಮೀಟರ್ ಕೆಳಗೆ ರಾತ್ರಿಯಿಡೀ ಎಚ್ಚರವಾಗಿರುವ ಮರಳಿನ ದಕ್ಕೆಯಲ್ಲಿ ಅವರಿಗೆ ಪಾಲಿದೆ. ಅವರು ಗುಂಡಿಗೆ ಮಣ್ಣು ಎಳೆದರು. ದುಆ ಆಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ಮೆಲ್ಲಗೆ ಹೇಳಿದರು: “ಮೋನೇ, ಮೇಲೆ ಸಸಿ, ಕೆಳಗೆ ಗುಂಡಿ. ಎರಡರಲ್ಲಿ ಯಾವುದು ಬೇಗ ಬೆಳೆಯುತ್ತದೆ ಹೇಳು?”

ಈ ಲೇಖನ ಆ ಪ್ರಶ್ನೆಯ ಕುರಿತಾದುದು. ಯುವಕರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಅವರ ಕೆಲಸವನ್ನು ನಿಷ್ಫಲಗೊಳಿಸುತ್ತಿರುವವರು ಯಾರು ಎಂಬುದನ್ನು ಹೇಳದೆ ಅವರನ್ನು ಹೊಗಳುವುದು ಅವರಿಗೆ ಮಾಡುವ ವಂಚನೆ.

ಹೊಳೆಯ ದಂಡೆ ಕುಸಿಯುವುದು ಮೇಲಿನಿಂದಲ್ಲ, ಬುಡದಿಂದ. ನೆರೆಯ ನೀರು ಹೊರಬಾಗಿನ ದಂಡೆಗೆ ರಭಸದಿಂದ ಅಪ್ಪಳಿಸಿ ಬುಡದ ಮಣ್ಣನ್ನು ಕೊರೆಯುತ್ತದೆ. ಮಳೆ ನಿಂತು ನೀರು ಇಳಿಯುವಾಗ ಒದ್ದೆಯಾಗಿ ಭಾರವಾದ ಮಣ್ಣು ಆಸರೆಯಿಲ್ಲದೆ ಜಾರುತ್ತದೆ. ನೆರೆಯ ಮರುದಿನ ‘ನೀರು ಇಳಿಯಿತು, ಬದುಕಿದೆವು’ ಎಂದು ನಿಟ್ಟುಸಿರಿಡುವಾಗಲೇ ಅಡಿಕೆ ತೋಟದ ಒಂದು ಸಾಲು ನೀರಿಗೆ ಬಿದ್ದಿರುವುದು ಇದೇ ಕಾರಣಕ್ಕೆ. ಸ್ಥಳೀಯ ಮರಗಳು ಇಲ್ಲಿ ಮಾಡುವ ಕೆಲಸ ಸರಳವಾದುದು. ಲಾವಂಚದ ಬೇರು ನೇರವಾಗಿ ಆಳಕ್ಕಿಳಿದು ಅಂಚಿನ ಮಣ್ಣನ್ನು ಹೊಲಿಯುತ್ತದೆ. ಕೇದಗೆಯ ಪೊದೆ ನೀರಿನ ವೇಗವನ್ನು ಮುರಿಯುತ್ತದೆ. ಅದರ ಮೇಲಿನ ಸಾಲಿನಲ್ಲಿ ಹೊಂಗೆ, ಹೊಳೆಮತ್ತಿಗಳು ದಂಡೆಯ ಒಡಲನ್ನು ಹಿಡಿದಿಡುತ್ತವೆ. ಇವು ವಾರಗಟ್ಟಲೆ ಬುಡದಲ್ಲಿ ನೀರು ನಿಂತರೂ ಕೊಳೆಯದ, ಬೇಸಿಗೆಯ ಬರವನ್ನೂ ತಾಳುವ ಜಾತಿಗಳು. ಈ ಕ್ರಮ ತಪ್ಪಿಸಿ, ಬುಡ ಕೊರೆದುಹೋದ ದಂಡೆಯ ತುದಿಯಲ್ಲಿ ನೇರವಾಗಿ ದೊಡ್ಡ ಮರಗಳನ್ನೇ ಬೆಳೆಸಿದರೆ ಅವು ತಮ್ಮ ಭಾರದಿಂದ ದಂಡೆಯನ್ನೂ ಎಳೆದುಕೊಂಡು ಬೀಳುತ್ತವೆ. ಆ ಯುವಕರಿಗೆ ಇದು ತಿಳಿದಿತ್ತು. ಹಾರೆ ಹಿಡಿದ ಗಣ್ಯರಿಗೆ ತಿಳಿದಿರಲಿಲ್ಲ. ಅವರು ಫೋಟೋಗೆ ಅನುಕೂಲವಾಗುವ ಜಾಗದಲ್ಲಿ ನೆಟ್ಟರು.

ಈಗ ಮರಳಿನ ಮಾತು. ಹೊಳೆಯ ತಳದಿಂದ ಪ್ರವಾಹ ತಂದು ತುಂಬುವುದಕ್ಕಿಂತ ಹೆಚ್ಚು ಮರಳನ್ನು ಎತ್ತಿದರೆ ತಳ ಆಳವಾಗುತ್ತದೆ. ತಳ ಇಳಿದಷ್ಟೂ ದಂಡೆ ಕಡಿದಾಗುತ್ತದೆ. ಬೇರುಗಳು ನೆಲ ಬಿಟ್ಟು ಗಾಳಿಯಲ್ಲಿ ನೇತಾಡುತ್ತವೆ. ಸಸಿ ನೆಟ್ಟು ಮೂರು ವರ್ಷ ನೀರುಣಿಸಿ, ದನಗಳಿಂದ ಕಾಪಾಡಿ, ಅದು ಆಳೆತ್ತರಕ್ಕೆ ಬರುವ ಹೊತ್ತಿಗೆ ಅದು ನಿಲ್ಲಬೇಕಾದ ನೆಲವೇ ಟಿಪ್ಪರ್ ಏರಿ ಹೋಗಿರುತ್ತದೆ. ದಂಡೆ ಮಾತ್ರವಲ್ಲ. 2018ರ ಜೂನ್ 25ರಂದು ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದು ಬಿದ್ದಾಗ ಊರವರು ಬೆರಳು ತೋರಿಸಿದ್ದು ಅದರ ಬುಡದಲ್ಲಿ ವರ್ಷಗಟ್ಟಲೆ ನಡೆದ ಮರಳುಗಾರಿಕೆಯತ್ತ. ಶಾಲೆಗೆ, ಆಸ್ಪತ್ರೆಗೆ, ಪೇಟೆಗೆ ಆ ಸೇತುವೆಯನ್ನೇ ನಂಬಿದ್ದ ಮನೆಗಳಲ್ಲಿ ನಮ್ಮವರ ಮನೆಗಳೂ ಇದ್ದವು.

ಕಾನೂನು ಇಲ್ಲವೆಂದಲ್ಲ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಣ್ಣ ಗುತ್ತಿಗೆಯಾದರೂ ಪರಿಸರ ಅನುಮತಿಯಿಲ್ಲದೆ ಮರಳು ತೆಗೆಯುವಂತಿಲ್ಲ ಎಂದು ಹೇಳಿತು. 2016ರಲ್ಲಿಯೂ 2020ರಲ್ಲಿಯೂ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿತು. ಆದರೆ ಕಾನೂನು ಜಾರಿ ಮಾಡಲು ಹೊರಟವರ ಪಾಡೇನು? 2017ರ ಏಪ್ರಿಲ್‌ನಲ್ಲಿ ಕುಂದಾಪುರ ತಾಲೂಕಿನ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆಯನ್ನು ಪರಿಶೀಲಿಸಲು ರಾತ್ರಿ ಹೋದ ಉಡುಪಿಯ ಜಿಲ್ಲಾಧಿಕಾರಿಯ ಮೇಲೆಯೇ ಹಲ್ಲೆಗೆ ಮುಂದಾದರು. ಜಿಲ್ಲಾಧಿಕಾರಿಗೇ ಹೀಗಾದರೆ, ಸಸಿಗೆ ನೀರು ಹಾಕಲು ಹೋಗುವ ಡಿಗ್ರಿ ಕಾಲೇಜಿನ ಹುಡುಗ ಟಿಪ್ಪರಿನ ನಂಬರ್ ಬರೆದುಕೊಳ್ಳುವ ಧೈರ್ಯ ಮಾಡಬೇಕೆ?

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಕರಾವಳಿಯಲ್ಲಿ ಹುಡುಗ ಹುಡುಗಿ ಒಂದೇ ಬಸ್ಸಿನಲ್ಲಿ ಕುಳಿತರೆ ಊರು ಎರಡಾಗುತ್ತದೆ. ಹಣ್ಣು ಮಾರುವವನ ಹೆಸರು ಕೇಳಿ ವ್ಯಾಪಾರ ಮಾಡಿರೆಂದು ಕರೆ ಕೊಡುವವರಿದ್ದಾರೆ. ಆದರೆ ಮರಳಿನ ದಕ್ಕೆಯಲ್ಲಿ ಮಾತ್ರ ಎಂಥ ಸೌಹಾರ್ದ! ಅಲ್ಲಿ ಯಾರೂ ಯಾರ ಧರ್ಮವನ್ನೂ ಕೇಳುವುದಿಲ್ಲ. ಹಗಲು ಪರಸ್ಪರರ ವಿರುದ್ಧ ಹೇಳಿಕೆ ಕೊಟ್ಟವರ ಟಿಪ್ಪರ್‌ಗಳು ರಾತ್ರಿ ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಸಾಗುತ್ತವೆ. ಪೇಟೆ ಬಂದ್ ಆದ ದಿನವೂ ಈ ಪಾಲುದಾರಿಕೆ ಬಂದ್ ಆದ ಉದಾಹರಣೆ ನನಗೆ ಗೊತ್ತಿಲ್ಲ. ಲಾಭದಲ್ಲಿ ಒಂದಾಗಬಲ್ಲವರು ದಂಡೆ ಕಾಯುವಲ್ಲಿ ಯಾಕೆ ಒಂದಾಗಲಾರರು ಎಂದು ಕೇಳಿದರೆ, ಅದಕ್ಕೆ ಉತ್ತರ ಕೊಟ್ಟವರು ಹಿತ್ತಿಲಲ್ಲಿ ಸಸಿ ಸಾಕಿದ ಆ ಹುಡುಗರು.

ನಮ್ಮವರ ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು: ಮರಳು ಅಲ್ಲಾಹನು ಕೊಟ್ಟ ಸಂಪತ್ತು, ಅದನ್ನು ತೆಗೆಯುವುದು ಹರಾಮ್ ಹೇಗಾದೀತು? ಬಡವರ ಹೊಟ್ಟೆಪಾಡು ಅದರಲ್ಲಿದೆಯಲ್ಲ?

ಬಡವರ ವಿಷಯ ಮೊದಲು ಮುಗಿಸೋಣ. ಮುಂಜಾವದ ಚಳಿಯಲ್ಲಿ ಎದೆಯುದ್ದ ನೀರಿನಲ್ಲಿ ಮುಳುಗಿ ಬುಟ್ಟಿ ತುಂಬುವ ಬಿಹಾರದ, ಉತ್ತರ ಪ್ರದೇಶದ ಕಾರ್ಮಿಕನಿಗೆ ಸಿಗುವುದು ದಿನದ ಕೂಲಿ. ಪೊಲೀಸರು ಬಂದಾಗ ಸಿಕ್ಕಿಬೀಳುವವನೂ ಅವನೇ. ಲಾಭ ಹೋಗುವುದು ಬೇರೆ ಮನೆಗೆ. ತಲೆಮಾರುಗಳಿಂದ ದೋಣಿಯಲ್ಲಿ ಕೈಯಿಂದಲೇ ಹೊಯ್ಗೆ ತೆಗೆಯುತ್ತ ಬಂದವರಿಗೆ, ಅಳಿವೆ ಬಾಗಿಲಿನ ಮರಳು ದಿಬ್ಬ ತೆರವುಗೊಳಿಸಲು ಕಾನೂನೇ ಅವಕಾಶ ಕೊಟ್ಟಿದೆ. ನಾನು ಅವರ ಬಗ್ಗೆ ಮಾತಾಡುತ್ತಿಲ್ಲ. ರಾತ್ರಿ ಯಂತ್ರ ಇಳಿಸುವವರ ಬಗ್ಗೆ ಮಾತಾಡುತ್ತಿದ್ದೇನೆ. ಬಡವನ ಹೆಸರನ್ನು ಅವರು ಗುರಾಣಿಯಾಗಿ ಬಳಸುವುದನ್ನು ನಾವು ಒಪ್ಪಿಕೊಳ್ಳಬಾರದು.

ಇನ್ನು ಹರಾಮ್-ಹಲಾಲ್‌ನ ಮಾತು. ನಮ್ಮ ದರ್ಸ್‌ಗಳಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್‌ರ ಫತ್‌ಹುಲ್ ಮುಈನ್ ಓದದ ವಿದ್ಯಾರ್ಥಿ ಇಲ್ಲ. ಅವರ ಗುರು ಇಬ್ನು ಹಜರ್ ಅಲ್ ಹೈತಮಿಯವರು 16ನೇ ಶತಮಾನದಲ್ಲಿ ಬರೆದ ತುಹ್‌ಫ ಶಾಫಿಈ ಕರ್ಮಶಾಸ್ತ್ರದ ಪ್ರಮುಖ ಆಧಾರ ಗ್ರಂಥ. ಪಾಳುಭೂಮಿಯನ್ನು ಜೀವಂತಗೊಳಿಸುವ ಅಧ್ಯಾಯದಲ್ಲಿ ‘ಹರೀಮ್’ ಎಂಬ ವಿಷಯ ಬರುತ್ತದೆ. ಬಾವಿಗೆ, ಕಾಲುವೆಗೆ, ನದಿಗೆ ಸುತ್ತಲೂ ಒಂದು ಮೀಸಲು ಜಾಗವಿದೆ. ಅದು ಯಾರ ಸೊತ್ತೂ ಅಲ್ಲ, ಅದನ್ನು ಯಾರೂ ಆಕ್ರಮಿಸುವಂತಿಲ್ಲ ಎಂಬುದು ಅದರ ಸಾರ. ನದಿಯ ಹರೀಮ್‌ನಲ್ಲಿ ಕಟ್ಟಡ ಕಟ್ಟುವುದು ನಿಷಿದ್ಧ, ಮಸೀದಿಯನ್ನು ಕಟ್ಟಿದರೂ ಅದನ್ನು ಕೆಡವಬೇಕು ಎಂಬಷ್ಟರ ಮಟ್ಟಿಗೆ ಇಬ್ನು ಹಜರ್‌ರು ಹೇಳುತ್ತಾರೆ. ನಾನು ಇದನ್ನು ಓದಿದ್ದು ಕಿಟಕಿ ತೆರೆದರೆ ಹೊಳೆ ಕಾಣುವ ಒಂದು ಕೋಣೆಯಲ್ಲಿ. ವ್ಯಾಕರಣ ಬಿಡಿಸಿದೆವು, ಸರ್ವನಾಮ ಯಾವುದಕ್ಕೆ ಮರಳುತ್ತದೆಂದು ಚರ್ಚಿಸಿದೆವು, ಮುಂದಿನ ಪುಟಕ್ಕೆ ಹೋದೆವು. ಕಿಟಕಿಯಾಚೆ ನೋಡಲು ಯಾರಿಗೂ ತೋಚಲಿಲ್ಲ.

ಮಸೀದಿಗೇ ಅವಕಾಶವಿಲ್ಲದ ಜಾಗದಲ್ಲಿ ಮರಳಿನ ದಕ್ಕೆಗೆ ಎಲ್ಲಿಂದ ಅವಕಾಶ ಬಂತು? ಇನ್ನೊಬ್ಬನಿಗೆ ಹಾನಿ ಮಾಡಬಾರದೆಂಬುದು ಕರ್ಮಶಾಸ್ತ್ರದ ಮೂಲ ನಿಯಮಗಳಲ್ಲಿ ಒಂದು. ಕೆಳದಂಡೆಯ ವಿಧವೆಯ ಮನೆಯ ಗೋಡೆ ಬಿರುಕು ಬಿಟ್ಟಿದ್ದು ಮೇಲ್ದಂಡೆಯವನ ವ್ಯಾಪಾರದಿಂದಾದರೆ ಆ ವ್ಯಾಪಾರದ ಹಣ ಹಲಾಲ್ ಹೌದೇ ಎಂದು ಉಲಮಾಗಳು ಬಾಯಿ ಬಿಟ್ಟು ಹೇಳಬೇಕು. ಬ್ಯಾಂಕ್ ಬಡ್ಡಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಈ ಹಣ ಮಸೀದಿಯ ನವೀಕರಣಕ್ಕೆ ಬಂದಾಗ ಮೈಕಿನಲ್ಲಿ ಹೆಸರು ಹೇಳಿ ದುಆ ಮಾಡುತ್ತೇವೆ. ಅಷ್ಟಕ್ಕೂ ಆ ಮರಳನ್ನು ಕೊಳ್ಳುವವರು ಯಾರು? ಗಲ್ಫ್‌ನಲ್ಲಿ ಬೆವರು ಸುರಿಸಿದ ಹಣದಿಂದ ಮೂವರಿರುವ ಕುಟುಂಬಕ್ಕೆ ಎಂಟು ಕೋಣೆಯ ಮನೆ ಕಟ್ಟುವವರೂ ನಾವೇ. ಬಂದ ಮರಳು ಎಲ್ಲಿಯದು, ಪರವಾನಿಗೆ ಇದೆಯೇ ಎಂದು ಕೇಳುವ ಯಜಮಾನರು ನೂರಕ್ಕೆ ಎಷ್ಟಿದ್ದಾರೆ?

ಎರಡನೆಯ ಆಕ್ಷೇಪ: ಸಸಿಯಿಂದ ಏನಾಗುತ್ತದೆ, ತಡೆಗೋಡೆ ಕಟ್ಟಿಸಿ ಎನ್ನುವುದು. ಸೇತುವೆಯ ಬಳಿ, ಮನೆಗಳು ಅಂಚಿಗೇ ತಾಗಿಕೊಂಡಿರುವ ಕಡೆ ಕಲ್ಲಿನ ಗೋಡೆ ಬೇಕಾದೀತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೋಡೆ ನೀರಿನ ಹೊಡೆತವನ್ನು ನುಂಗುವುದಿಲ್ಲ, ಎದುರು ದಂಡೆಗೋ ಕೆಳಗಿನ ದಂಡೆಗೋ ತಳ್ಳುತ್ತದೆ. ತಳದ ಮರಳು ಹೋದರೆ ಗೋಡೆಯ ಅಡಿಪಾಯವೂ ಹೋಗುತ್ತದೆ. ಮರಕ್ಕೆ ವಯಸ್ಸಾದಂತೆ ಬಲ ಬರುತ್ತದೆ, ಗೋಡೆಗೆ ವಯಸ್ಸಾದಂತೆ ಟೆಂಡರ್ ಬರುತ್ತದೆ. ಜನಪ್ರತಿನಿಧಿಗಳಿಗೆ ಗೋಡೆಯ ಮೇಲೆ ಇರುವ ಪ್ರೀತಿಗೆ ಇದೂ ಒಂದು ಕಾರಣವಿರಬಹುದು.

ಗೋಡೆಗೆ ಕಾಯದೆ ದಂಡೆ ಕಟ್ಟಿದ ಮನುಷ್ಯನೊಬ್ಬ ನಮ್ಮ ನೆರೆಯಲ್ಲೇ ಇದ್ದ. ಕಣ್ಣೂರು ಜಿಲ್ಲೆಯ ಏಳೋಂ ಗ್ರಾಮದ ಕಲ್ಲೇನ್ ಪೊಕ್ಕುಡನ್. ದಲಿತ ಕೃಷಿ ಕಾರ್ಮಿಕ, ಶಾಲೆಯ ಮೆಟ್ಟಿಲು ಹತ್ತಿದ್ದು ಅಷ್ಟಿಷ್ಟೇ. ಪಳಯಂಗಾಡಿ ಹೊಳೆಯ ಬದಿಯ ಕಟ್ಟದ ಮೇಲೆ ಶಾಲೆಗೆ ಹೋಗುವ ಮಕ್ಕಳು ಗಾಳಿಗೂ ಅಲೆಗೂ ಕಷ್ಟಪಡುವುದನ್ನು, ಅಲೆಯ ಹೊಡೆತಕ್ಕೆ ಕಟ್ಟವೇ ಸವೆಯುವುದನ್ನು ಆತ ಕಂಡ. 1980ರ ದಶಕದ ಕೊನೆಯಲ್ಲಿ ದಂಡೆಯುದ್ದಕ್ಕೂ ಕಾಂಡ್ಲಾ ಸಸಿ ನೆಡತೊಡಗಿದ. ಜನ ನಕ್ಕರು. ನೆಟ್ಟದ್ದನ್ನು ಕಿತ್ತೆಸೆದವರೂ ಇದ್ದರು. ಆತ ಮತ್ತೆ ನೆಟ್ಟ. 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತ ನೆಟ್ಟ ಕಾಂಡ್ಲಾ ಒಂದು ಲಕ್ಷ ದಾಟಿತ್ತೆನ್ನುತ್ತಾರೆ. ಆ ಕಾಡಿನ ಬೇರುಗಳ ನಡುವೆ ಮೀನು, ಸಿಗಡಿ ಮರಿ ಮಾಡುತ್ತವೆ, ಕೊಕ್ಕರೆಗಳು ಬಂದು ಕೂರುತ್ತವೆ. ಮೊದಲು ಹೇಳಿದ ಹದೀಸ್‌ನ ಜೀವಂತ ವಿವರಣೆಯೊಂದು ಬೇಕಿದ್ದರೆ ಅಲ್ಲಿಗೆ ಹೋಗಿ ನೋಡಬಹುದು. ನೆಟ್ಟವನು ಮುಸ್ಲಿಮನಾಗಿರಲಿಲ್ಲ, ಕಮ್ಯುನಿಸ್ಟ್ ಪಕ್ಷದಲ್ಲಿ ದುಡಿದವನು. ಹದೀಸ್ ನಮ್ಮ ಬಳಿ ಇತ್ತು, ಗಿಡ ಅವನು ನೆಟ್ಟ. ಇದಕ್ಕೆ ನಾಚಿಕೊಳ್ಳಬೇಕಾದವರು ನಾವು.

ಆತ ಸಿಕ್ಕಿದ ಗಿಡ ನೆಡಲಿಲ್ಲ, ಆ ನೀರಿಗೆ ಒಗ್ಗಿದ ಗಿಡ ನೆಟ್ಟ. ‘ಸ್ಥಳೀಯ’ ಎಂಬ ಪದದ ಬಗ್ಗೆ ಒಂದು ಮಾತು ಇಲ್ಲೇ ಹೇಳುತ್ತೇನೆ. ಇಂದಿನ ರಾಜಕೀಯದಲ್ಲಿ ಈ ಪದ ಕೇಳಿದೊಡನೆ ನಮ್ಮ ಮನಸ್ಸಿಗೆ ಒಂದು ಅಳುಕು ಬರುತ್ತದೆ. ಯಾರು ಮೂಲದವರು, ಯಾರು ಹೊರಗಿನವರು ಎಂಬ ಲೆಕ್ಕ ನಮ್ಮನ್ನು ಸಾಕಷ್ಟು ನೋಯಿಸಿದೆ. ಆದರೆ ಮರದ ವಿಷಯದಲ್ಲಿ ಇದು ವಂಶಾವಳಿಯ ಪ್ರಶ್ನೆಯಲ್ಲ, ನಡತೆಯ ಪ್ರಶ್ನೆ. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾವನ್ನು, ನೀಲಗಿರಿಯನ್ನು ದಶಕಗಳ ಕಾಲ ಸರಕಾರವೇ ಹಂಚಿತು. ಬೇಗ ಬೆಳೆಯುತ್ತದೆ, ಲೆಕ್ಕ ತೋರಿಸಲು ಅನುಕೂಲ ಎಂಬುದು ಅದರ ಗುಣ. ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಮೇವಿಲ್ಲ, ಬಿರುಗಾಳಿಗೆ ಅಕೇಶಿಯಾ ನಿಲ್ಲುವುದಿಲ್ಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ‘ಕಿತ್ತಿಕೋ ಹಚ್ಚಿಕೋ’ ಎಂಬ ಸತ್ಯಾಗ್ರಹ ನಡೆಸಿ, ಕಾರ್ಖಾನೆಯ ತಿರುಳಿಗೆಂದು ಊರ ಸಾಮುದಾಯಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಸರಕಾರ ನೀಲಗಿರಿ ನೆಡುವುದನ್ನು ತಡೆದದ್ದು 2017ರಲ್ಲಿ. ಸಮಿತಿಗಳಿಗೆ ಉಚಿತವಾಗಿ ಬರುವ ಸಸಿಗಳಲ್ಲಿ ಯಾವುದಿದೆ ಎಂದು ನೋಡಿ ಸ್ವೀಕರಿಸುವ ಅಭ್ಯಾಸ ಈಗಲಾದರೂ ಬರಲಿ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು. ಸಮುದಾಯಕ್ಕೆ ಎಷ್ಟೊಂದು ಸಮಸ್ಯೆಗಳಿವೆ, ವಕ್ಫ್, ಪೌರತ್ವ, ಶಿಕ್ಷಣ, ನಿರುದ್ಯೋಗ, ಇದರ ನಡುವೆ ಹೊಳೆ ಬದಿಯ ಗಿಡವೇ ಎಂಬ ಪ್ರಶ್ನೆ. ಇದನ್ನು ಕೇಳುವವರು ಒಮ್ಮೆ ಅಸ್ಸಾಮಿನ ಕಡೆ ನೋಡಲಿ. ಬ್ರಹ್ಮಪುತ್ರ ಮತ್ತದರ ಉಪನದಿಗಳು 1950ರಿಂದೀಚೆಗೆ ಅಲ್ಲಿ ನುಂಗಿದ ಭೂಮಿ 4.27 ಲಕ್ಷ ಹೆಕ್ಟೇರ್ ಎಂದು ಆ ರಾಜ್ಯದ ಸರಕಾರವೇ ಹೇಳುತ್ತದೆ. ಅಂದರೆ ರಾಜ್ಯದ ವಿಸ್ತೀರ್ಣದ ಶೇಕಡಾ 7ಕ್ಕಿಂತ ಹೆಚ್ಚು. ನದಿಯ ನಡುವಿನ ಚರ್ ಭೂಮಿಗಳಲ್ಲಿ ಬದುಕುವವರಲ್ಲಿ ಬಂಗಾಳಿ ಮೂಲದ ಮುಸ್ಲಿಮರು ಬಹಳ ಮಂದಿ. ದಂಡೆ ಹೋದರೆ ಮನೆ ಹೋಗುತ್ತದೆ, ಮನೆಯೊಂದಿಗೆ ಪೆಟ್ಟಿಗೆಯಲ್ಲಿಟ್ಟ ಕಾಗದ ಹೋಗುತ್ತದೆ, ವಿಳಾಸ ಹೋಗುತ್ತದೆ. ಬೇರೆ ಊರಿಗೆ ಹೋಗಿ ಗುಡಿಸಲು ಹಾಕಿದರೆ ‘ನೀನು ಎಲ್ಲಿಂದ ಬಂದೆ’ ಎಂಬ ಪ್ರಶ್ನೆ ಎದುರಾಗುತ್ತದೆ. 2019ರ ಆಗಸ್ಟ್ 31ರಂದು ಪ್ರಕಟವಾದ ಎನ್‌ಆರ್‌ಸಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು, ಎಲ್ಲರೂ ನದಿಯಿಂದ ನೆಲ ಕಳೆದುಕೊಂಡವರೂ ಅಲ್ಲ. ಆದರೆ ಮಣ್ಣು ಕುಸಿಯುವುದಕ್ಕೂ ಪೌರತ್ವ ಕುಸಿಯುವುದಕ್ಕೂ ನಡುವೆ ಎಷ್ಟು ಕಡಿಮೆ ದೂರವಿದೆ ಎಂಬುದನ್ನು ಚರ್ ನಿವಾಸಿಗಳ ಬದುಕು ತೋರಿಸುತ್ತದೆ. ಪೌರತ್ವ ಬೇರೆ, ಪರಿಸರ ಬೇರೆ ಎಂದು ನಾವು ಇಲ್ಲಿ ಕುಳಿತು ಕಪಾಟು ವಿಂಗಡಿಸುತ್ತಿದ್ದೇವೆ.

ನೇತ್ರಾವತಿ ಬ್ರಹ್ಮಪುತ್ರವಲ್ಲ, ನಿಜ. ಆದರೂ 1923ರ ನೆರೆಯನ್ನು, 1974ರ ನೆರೆಯನ್ನು ಬಂಟ್ವಾಳದ, ಪಾಣೆಮಂಗಳೂರಿನ ಹಿರಿಯರ ಮನೆಗಳಲ್ಲಿ ಇಂದಿಗೂ ನೆನೆಯುತ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಹೊಳೆಗಳು ಉಕ್ಕಿ ತೋಟಗಳ ಮೇಲೆ ಮರಳನ್ನೂ ಮರದ ದಿಮ್ಮಿಗಳನ್ನೂ ರಾಶಿ ಹಾಕಿ ಹೋದವು. ಆಗ ನಮ್ಮ ಯುವಕರು ಮಾಡಿದ ಸೇವೆಯನ್ನು ಮರೆಯಲಾಗದು. ಧರ್ಮ ನೋಡದೆ ಕೆಸರು ಬಾಚಿದರು, ಅಕ್ಕಿ-ಬೇಳೆಯ ಕಿಟ್ ಹೊತ್ತರು. ಆದರೆ ಕಿಟ್‌ಗೆ ಲಕ್ಷಗಟ್ಟಲೆ ಕೊಡುವ ಅದೇ ಕೈಗಳು ನೆರೆಗೆ ಮೊದಲು ದಂಡೆ ಉಳಿಸುವ ಕೆಲಸಕ್ಕೆ ಗೊಬ್ಬರದ ಚೀಲ, ಬೇಲಿಯ ತಂತಿ ಕೇಳಿದರೆ ಜೇಬು ತಡವುತ್ತವೆ. ಆ ಹತ್ತಿಪ್ಪತ್ತು ಯುವಕರು ಬೇಸಿಗೆಯಲ್ಲಿ ಭಾನುವಾರಕ್ಕೊಮ್ಮೆ ಸ್ವಂತ ಪೆಟ್ರೋಲ್ ಹಾಕಿಕೊಂಡು ಬಂದು ಕ್ಯಾನ್‌ಗಳಲ್ಲಿ ನೀರು ಹೊತ್ತು ಹಾಕುತ್ತಾರೆ. ಕಳೆದ ಎಪ್ರಿಲ್‌ನಲ್ಲಿ ಹೋಗಿ ನೋಡಿದೆ. ಗಣ್ಯರು ನೆಟ್ಟ ಸಸಿ ಇದ್ದ ಜಾಗದಲ್ಲಿ ಒಣಗಿದ ಕೋಲು ಮತ್ತು ಹೆಸರಿನ ಫಲಕ ಇತ್ತು. ಯುವಕರು ನೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಿಗುರಿದ್ದವು. ಆದರೆ ಕೆಳಗಿನ ಸಾಲಿನ ಲಾವಂಚ ಇರಲಿಲ್ಲ. ಅದರಡಿಯ ದಂಡೆ ಒಂದು ಮಾರಿನಷ್ಟು ಹಿಂದೆ ಸರಿದಿತ್ತು.

ಆದ್ದರಿಂದ ಜಮಾಅತ್ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಜೂನ್‌ನಲ್ಲಿ ಸಸಿ ವಿತರಣೆಯ ಕಾರ್ಯಕ್ರಮ ಇಟ್ಟುಕೊಳ್ಳುವ ಮೊದಲು, ಪರವಾನಿಗೆಯಿಲ್ಲದ ಮರಳಿನ ವ್ಯಾಪಾರದಲ್ಲಿರುವವರಿಂದ ಮಸೀದಿಗೆ ದೇಣಿಗೆ ಸ್ವೀಕರಿಸುವುದಿಲ್ಲ ಎಂದು ಮಹಾಸಭೆಯಲ್ಲಿ ನಿರ್ಣಯ ಬರೆಯಿರಿ. ಮಸೀದಿಯ, ಮದ್ರಸದ ಕಟ್ಟಡಕ್ಕೆ ಬರುವ ಪ್ರತಿ ಲೋಡಿನ ಪರವಾನಿಗೆ ಚೀಟಿಯನ್ನು ಕಡತದಲ್ಲಿಡಿ. ಹೊಳೆ ಬದಿಯಲ್ಲಿ ವಕ್ಫ್ ಜಾಗವಿದ್ದರೆ ಅದರ ಅಂಚನ್ನು ಈ ಯುವಕರಿಗೆ ಬಿಟ್ಟುಕೊಡಿ, ಮೂರು ಬೇಸಿಗೆಯ ನೀರಿನ ಖರ್ಚನ್ನು ವಹಿಸಿಕೊಳ್ಳಿ. ಅವರನ್ನು ಯಾರಾದರೂ ಬೆದರಿಸಿದರೆ ಠಾಣೆಗೆ ಅವರನ್ನು ಒಂಟಿಯಾಗಿ ಕಳುಹಿಸದೆ ಅಧ್ಯಕ್ಷರೂ ಕಾರ್ಯದರ್ಶಿಯೂ ಜೊತೆಗೆ ಹೋಗಲಿ.

ಖತೀಬರಲ್ಲಿ ಇನ್ನೊಂದು ಬೇಡಿಕೆ. ಗಿಡ ನೆಡುವ ಹದೀಸ್‌ಗಳನ್ನು ಹೇಳಿ ಮುಗಿಸಿದ ಮೇಲೆ ಬುಖಾರಿಯಲ್ಲಿರುವ ಹಡಗಿನ ಉಪಮೆಯನ್ನೂ ಹೇಳಬೇಕು. ಕೆಳಗಿನ ಅಂತಸ್ತಿನವರು ನೀರಿಗಾಗಿ ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ತಳದಲ್ಲೇ ತೂತು ಕೊರೆದುಕೊಳ್ಳೋಣ ಎಂದು ಹೊರಟ ಪ್ರಸಂಗ. ಮೇಲಿನವರು ಕೈ ಹಿಡಿದು ತಡೆಯದಿದ್ದರೆ ಎಲ್ಲರೂ ಮುಳುಗುವರು, ತಡೆದರೆ ಎಲ್ಲರೂ ಉಳಿಯುವರು ಎಂದು ಪ್ರವಾದಿ(ಸ)ರು ಕಲಿಸಿದ ಪಾಠ. ಅದನ್ನು ಹೇಳುವಾಗ ಖತೀಬರು ಕಿತಾಬಿನತ್ತ ನೋಡಬಾರದು, ಮೊದಲ ಸಾಲಿನಲ್ಲಿ ಕುಳಿತವರ ಮುಖ ನೋಡಬೇಕು.